ರಾತ್ರಿ ಕ್ಯಾಮೆರಾ ಚಿತ್ರದಲ್ಲಿ ಅರ್ಧಂಬರ್ಧ ಕಾಣುವ ಪ್ರಾಣಿ: ಲೇಬಲ್ ಹಾಕೋದಾ, ಬಿಡೋದಾ?

ತೋಟದಂಚು:

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆ ಕಾಫಿ ತೋಟಗಳ ಬೇಲಿಯಂಚಿನಲ್ಲಿ ನಿಲ್ಲಿಸಿರುವ ಆರು ಕ್ಯಾಮೆರಾಗಳಿಗೆ ಪ್ರಾಣಿ ಪತ್ತೆ ಮಾಡುವ ಮಾಡೆಲ್ ತಯಾರಾಗುತ್ತಿದೆ. ಏಳು ಕ್ಲಾಸ್ (ಮಾಡೆಲ್ ಗುರುತಿಸಬೇಕಾದ ಬಗೆಗಳು): ಆನೆ, ಕಾಟಿ (ಕಾಡುಕೋಣ), ಕಾಡುಹಂದಿ, ಕಡವೆ, ದನ, ನಾಯಿ, ಮನುಷ್ಯ. ಕ್ಯಾಮೆರಾದ ಚಿತ್ರ 2560×1440, ನೋಟದ ಅಗಲ ಸುಮಾರು 80 ಡಿಗ್ರಿ. ರಾತ್ರಿ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕಿನ ಕಪ್ಪು ಬಿಳುಪು. ಮಾಡೆಲ್ ಯೋಲೊ (ಚಿತ್ರದಲ್ಲಿ ವಸ್ತು ಎಲ್ಲಿದೆ, ಯಾವುದು ಎಂದು ಹೇಳುವಂಥದ್ದು), ಇನ್‌ಪುಟ್ 640, ಅಂದರೆ ಚಿತ್ರವನ್ನು 640 ಪಿಕ್ಸೆಲ್ ಅಗಲಕ್ಕೆ ಇಳಿಸಿ ಕೊಡುವುದು. ಲೇಬಲ್ ಮಾಡುವುದು, ಅಂದರೆ ಪ್ರಾಣಿಯ ಸುತ್ತ ಬಾಕ್ಸ್ ಎಳೆದು ಕ್ಲಾಸ್ ಬರೆಯುವುದು, ಸಿವ್ಯಾಟ್ ಎಂಬ ಸಾಫ್ಟ್‌ವೇರ್‌ನಲ್ಲಿ, ಇಬ್ಬರು.

ಹಗಲಿನ ಚಿತ್ರಗಳಲ್ಲಿ ಇಬ್ಬರಿಗೂ ತಕರಾರಿಲ್ಲ. ರಾತ್ರಿಯವು ಬಂದರೆ ಒಬ್ಬರು ಬಾಕ್ಸ್ ಹಾಕಿದ್ದನ್ನು ಇನ್ನೊಬ್ಬರು ಖಾಲಿ ಬಿಟ್ಟಿರುತ್ತಾರೆ. ಗಿಡದ ಮರೆಯಲ್ಲಿ ಬೆನ್ನಿನ ಗೆರೆ ಮಾತ್ರ ಕಾಣುವುದು, ಕತ್ತಲಲ್ಲಿ ಎರಡು ಕಣ್ಣಷ್ಟೇ ಹೊಳೆಯುವುದು, ಓಡುವಾಗ ಅಳಿಸಿದ ಹಾಗೆ ಮಸುಕಾಗಿರುವುದು, ದೂರದಲ್ಲಿ ಬರೀ ಮಚ್ಚೆಯಷ್ಟಿರುವುದು, ಹಂದಿ ಹಿಂಡು ಒಂದಕ್ಕೊಂದು ಅಂಟಿಕೊಂಡು ನಿಂತಿರುವುದು. ಜಗಳವೆಲ್ಲ ಇವುಗಳದ್ದೇ.

ಕೇಳಬೇಕಾದ್ದು ಮೂರು. ಇಂಥವಕ್ಕೆ ಲೇಬಲ್ ಹಾಕಬೇಕೋ, ಬಿಡಬೇಕೋ? "ಗೊತ್ತಿಲ್ಲ" ಅಂತ ಎಂಟನೇ ಕ್ಲಾಸ್ ಮಾಡಿದರೆ ಹೇಗೆ? ವಿಡಿಯೊದಲ್ಲಿ ಹಿಂದಿನ, ಮುಂದಿನ ಫ್ರೇಮ್ ನೋಡಿದರೆ ಅದು ಹಂದಿ ಅಂತ ಗೊತ್ತಾಗುತ್ತದೆ, ಆದರೆ ಈ ಫ್ರೇಮ್ ಒಂದನ್ನೇ ನೋಡಿದರೆ ಗೊತ್ತಾಗಲ್ಲ. ಆಗ ಹಂದಿ ಅಂತ ಹಾಕಬಹುದೇ?

ಚೌಕಟ್ಟು:

ಮೂರೂ ಪ್ರಶ್ನೆ ಒಂದಕ್ಕೊಂದು ಹೆಣೆದುಕೊಂಡಿವೆ. "ಬಿಡುವುದು" ಅನ್ನುವ ಪದದಿಂದಲೇ ಶುರು ಮಾಡೋಣ. ಯೋಲೊಗೆ ಕೊಡುವ ಚಿತ್ರದಲ್ಲಿ ಖಾಲಿ ಬಿಟ್ಟ ಜಾಗ ಅಂದರೆ "ಇಲ್ಲಿ ಏನೂ ಇಲ್ಲ" ಎಂದು ಬರೆದುಕೊಟ್ಟ ಹಾಗೆ. ಬಾಕ್ಸ್ ಇಲ್ಲದ ಜಾಗವೆಲ್ಲ ಹಿನ್ನೆಲೆ ಎಂದೇ ಲಾಸ್ (ಕಲಿಯುವಾಗ ಮಾಡೆಲ್‌ನ ತಪ್ಪಿನ ಅಳತೆ) ಲೆಕ್ಕಕ್ಕೆ ಹೋಗುತ್ತದೆ. ಗಿಡದ ಮೇಲೆದ್ದ ಹಂದಿಯ ಬೆನ್ನಿಗೆ ಒಬ್ಬರು ಬಾಕ್ಸ್ ಹಾಕಿ, ಅಂಥದ್ದೇ ಇನ್ನೊಂದನ್ನು ಇನ್ನೊಬ್ಬರು ಬಿಟ್ಟರೆ ಒಂದೇ ಆಕಾರಕ್ಕೆ ಹೌದು, ಅಲ್ಲ ಎರಡನ್ನೂ ಕಲಿಸಿದಂತಾಯಿತು. ಆಮೇಲೆ ಆ ಆಕಾರ ಕಂಡಾಗಲೆಲ್ಲ ಸ್ಕೋರ್ ನಡುವಿನಲ್ಲೆಲ್ಲೋ ತೂಗಾಡುತ್ತದೆ. ಥ್ರೆಶೋಲ್ಡ್ (ಪತ್ತೆ ಎಂದು ಒಪ್ಪಲು ಬೇಕಾದ ಕನಿಷ್ಠ ಸ್ಕೋರ್) ಇಳಿಸಿದರೆ ಕಲ್ಲು, ಮರದ ಬುಡ ಎಲ್ಲವೂ ಹಂದಿ. ಏರಿಸಿದರೆ ನಿಜವಾದ ಹಂದಿಯೇ ತಪ್ಪಿಹೋಗುತ್ತದೆ. ಹೆಚ್ಚಿನ ತಂಡಗಳು ಆಗ ಇನ್ನಷ್ಟು ಚಿತ್ರ ತಂದು ಸುರಿಯುತ್ತವೆ. ಲೇಬಲ್‌ನಲ್ಲೇ ಎರಡು ನಾಲಿಗೆ ಇರುವಾಗ ಚಿತ್ರ ಹೆಚ್ಚಿಸಿ ಪ್ರಯೋಜನವಿಲ್ಲ.

ಹಾಗಾಗಿ ನಿಮ್ಮ ಮುಂದೆ ಇರುವುದು ಎರಡು ದಾರಿಯಲ್ಲ, ನಾಲ್ಕು. ಬಾಕ್ಸ್ ಹಾಕುವುದು, ಆ ಜಾಗವನ್ನು ಚಿತ್ರದಲ್ಲೇ ಅಳಿಸಿ ಮುಚ್ಚಿಬಿಡುವುದು, ಚಿತ್ರವನ್ನೇ ಸೆಟ್‌ನಿಂದ ತೆಗೆಯುವುದು, ಹಿನ್ನೆಲೆಯಾಗಿ ಬಿಡುವುದು. ಕೊನೆಯದನ್ನು ಮಾಡಬೇಕಾದರೆ ಅಲ್ಲಿ ಪ್ರಾಣಿಯಿಲ್ಲ ಎಂದು ಖಾತ್ರಿಯಿರಬೇಕು. ಅನುಮಾನಕ್ಕೆ ಹಿನ್ನೆಲೆ ಉತ್ತರವಾಗಬಾರದು.

ಯಾವುದಕ್ಕೆ ಯಾವುದು ಎಂದು ಆರಿಸಲು ಎರಡು ಪ್ರಶ್ನೆಯನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಿ: ಇಲ್ಲಿ ಪ್ರಾಣಿ ಇದೆಯೇ? ಇದ್ದರೆ ಯಾವುದು? ನಿಮ್ಮ ಇಬ್ಬರು ಬಹುಶಃ ಇವೆರಡನ್ನೂ ಒಂದೇ ಉಸಿರಿನಲ್ಲಿ ತೀರ್ಮಾನಿಸುತ್ತಿದ್ದಾರೆ. ಒಬ್ಬರು "ಏನೋ ಇದೆ, ಆದ್ದರಿಂದ ಹಂದಿ" ಅನ್ನುತ್ತಾರೆ, ಇನ್ನೊಬ್ಬರು "ಹಂದಿ ಎಂದು ಖಾತ್ರಿಯಿಲ್ಲ, ಆದ್ದರಿಂದ ಏನೂ ಇಲ್ಲ" ಅನ್ನುತ್ತಾರೆ. ಎರಡೂ ತಪ್ಪು. ಇದೆ, ಯಾವುದೆಂದೂ ಗೊತ್ತು ಅಂದರೆ ಬಾಕ್ಸ್. ಇದೆ, ಯಾವುದೆಂದು ಗೊತ್ತಿಲ್ಲ ಅಂದರೆ ಮುಚ್ಚಿ. ಇದೆಯೋ ಇಲ್ಲವೋ ಎಂದೇ ಗೊತ್ತಿಲ್ಲ ಅಂದರೂ ಮುಚ್ಚಿ. ಅನುಮಾನದ ಜಾಗ ಚಿತ್ರದ ಕಾಲುಭಾಗಕ್ಕಿಂತ ದೊಡ್ಡದಿದ್ದರೆ ಆ ಚಿತ್ರವೇ ಬೇಡ.

ಇದು ಹೊಸ ತೊಡಕಲ್ಲ. ಸಂಶೋಧಕರು ಬಳಸುವ ಪ್ಯಾಸ್ಕಲ್ ವಿಒಸಿ ಎಂಬ ಚಿತ್ರಸಂಗ್ರಹದಲ್ಲಿ "ಡಿಫಿಕಲ್ಟ್" ಎಂಬ ಗುರುತಿದೆ: ಸುತ್ತಲಿನ ಸಂದರ್ಭವನ್ನು ಬಹಳಷ್ಟು ನೆಚ್ಚದೆ ಗುರುತಿಸಲಾಗದ ವಸ್ತುವಿಗೆ ಅದನ್ನು ಹಾಕುತ್ತಾರೆ, ಅಂಕ ಲೆಕ್ಕ ಹಾಕುವಾಗ ಅದು ಸಿಕ್ಕರೂ ಸಿಗದಿದ್ದರೂ ಎಣಿಸುವುದಿಲ್ಲ. ರಸ್ತೆ ದೃಶ್ಯಗಳ ಕಿಟ್ಟಿ ಡೇಟಾದಲ್ಲಿ "ಡೋಂಟ್‌ಕೇರ್" ಪ್ರದೇಶಗಳಿವೆ, ಜೊತೆಗೆ ಮರೆಯ ಪ್ರಮಾಣಕ್ಕೆ 0ಯಿಂದ 3ರವರೆಗೆ ಸಂಖ್ಯೆ. ಓಪನ್ ಇಮೇಜಸ್ ಎಂಬ ಇನ್ನೊಂದು ಸಂಗ್ರಹದಲ್ಲಿ ಐದಕ್ಕಿಂತ ಹೆಚ್ಚು ವಸ್ತು ಒಂದಕ್ಕೊಂದು ತಾಗಿ, ಒಂದನ್ನೊಂದು ಮರೆಮಾಡಿ ನಿಂತಿದ್ದರೆ ಒಟ್ಟಿಗೇ ಒಂದು ಬಾಕ್ಸ್, ಅದಕ್ಕೊಂದು ಗುಂಪಿನ ಗುರುತು.

ತೊಂದರೆ ಏನೆಂದರೆ ಯೋಲೊ ಫೈಲ್‌ನಲ್ಲಿ ಇಂಥ ಗುರುತಿಗೆ ಜಾಗವೇ ಇಲ್ಲ. ಒಂದು ಸಾಲಿಗೆ ಐದೇ ಸಂಖ್ಯೆ: ಕ್ಲಾಸ್, ಮಧ್ಯಬಿಂದುವಿನ ಎಕ್ಸ್, ವೈ, ಅಗಲ, ಎತ್ತರ. ಸಿವ್ಯಾಟ್‌ನಲ್ಲಿ ಕ್ಯೂ ಒತ್ತಿ "ಅಕ್ಲೂಡೆಡ್" (ಮರೆಯಾಗಿದೆ) ಎಂದು ಗುರುತು ಮಾಡಿದ್ದರೂ ಯೋಲೊ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡುವಾಗ ಅದು ಉದುರಿಹೋಗುತ್ತದೆ. ಕೊಕೊ ಎಂಬ ಇನ್ನೊಂದು ಲೇಬಲ್ ಫೈಲ್ ರೂಪದಲ್ಲಿ "ಈಸ್‌ಕ್ರೌಡ್" (ಗುಂಪು) ಗುರುತು ಹಾಕಿ, ಯೋಲೊ ಸಾಫ್ಟ್‌ವೇರ್ ಕೊಡುವ ಅಲ್ಟ್ರಾಲಿಟಿಕ್ಸ್‌ನ ಪರಿವರ್ತಕಕ್ಕೆ ಕೊಟ್ಟರೆ ಅದು ಆ ಬಾಕ್ಸನ್ನು ದಾಟಿ ಮುಂದೆ ಹೋಗುತ್ತದೆ, ಅಂದರೆ ನೀವು ಎಣಿಸಬೇಡ ಎಂದದ್ದು ಸದ್ದಿಲ್ಲದೆ ಹಿನ್ನೆಲೆಯಾಗುತ್ತದೆ. ಎಂಎಂಡಿಟೆಕ್ಷನ್ ಎಂಬ ಬೇರೆ ಸಾಫ್ಟ್‌ವೇರ್‌ನಲ್ಲಿ ಎಣಿಸದ ಪ್ರದೇಶಕ್ಕೆ ವ್ಯವಸ್ಥೆ ಇದೆ, ಆದರೆ ಅದರ ಫಾಸ್ಟರ್ ಆರ್‌ಸಿಎನ್‌ಎನ್, ರೆಟಿನಾನೆಟ್ ಮಾಡೆಲ್‌ಗಳ ಕಾನ್ಫಿಗ್ (ಸೆಟ್ಟಿಂಗ್) ಫೈಲ್‌ಗಳಲ್ಲಿ ಅದರ ಮಿತಿ −1 ಎಂದಿರುತ್ತದೆ, ಅಂದರೆ ಆಫ್ ಮಾಡಿಟ್ಟಿರುತ್ತದೆ; 0.5 ಎಂದು ನೀವೇ ಬದಲಿಸಬೇಕು.

ಆದ್ದರಿಂದ ಮೂಲಪ್ರತಿಯಾಗಿ ಸಿವ್ಯಾಟ್‌ನ ಸ್ವಂತ ಎಕ್ಸ್‌ಎಂಎಲ್ ರೂಪವನ್ನು ಇಟ್ಟುಕೊಳ್ಳಿ. ಅದರಲ್ಲಿ "ಮುಚ್ಚು" ಎಂಬ ಒಂದು ಲೇಬಲ್ ಸೇರಿಸಿ. ಟ್ರೇನಿಂಗ್‌ಗೆ ಎಕ್ಸ್‌ಪೋರ್ಟ್ ಮಾಡುವ ಸ್ಕ್ರಿಪ್ಟ್ ಆ ಬಾಕ್ಸ್‌ಗಳನ್ನು ಓದಿ, ಚಿತ್ರದಲ್ಲಿ ಅಷ್ಟು ಜಾಗವನ್ನು ಅಳಿಸಿ, ಲೇಬಲ್ ಫೈಲ್‌ಗೆ ಬರೆಯದೆ ಮುಂದೆ ಹೋಗಲಿ.

ಅಳಿಸುವುದು ಹೇಗೆ ಎಂಬುದೂ ಮುಖ್ಯ. ಬೂದು ಬಣ್ಣದ ಚೌಕ ಬಳಿದರೆ ಅದರ ಚೂಪು ಅಂಚನ್ನೇ ಮಾಡೆಲ್ ಕಲಿಯುವ ಸಾಧ್ಯತೆಯಿದೆ. ಬೂದು ಚೌಕ ಇದ್ದಲ್ಲೆಲ್ಲ ಹತ್ತಿರ ಪ್ರಾಣಿ ಇರುತ್ತದೆ ಎಂಬ ಸುಳ್ಳು ನಂಟು ಹುಟ್ಟಬಹುದು. ನಿಮ್ಮ ಕ್ಯಾಮೆರಾ ಕಂಬಕ್ಕೆ ಬಿಗಿದು ನಿಂತದ್ದಲ್ಲವೇ, ಅದೇ ನಿಮಗೆ ಅನುಕೂಲ. ಪ್ರಾಣಿ ಬರುವುದಕ್ಕೆ ಒಂದೆರಡು ನಿಮಿಷ ಮುಂಚಿನ ಖಾಲಿ ಫ್ರೇಮ್‌ನಿಂದ ಅಷ್ಟೇ ಜಾಗ ಕತ್ತರಿಸಿ ಇಲ್ಲಿ ಅಂಟಿಸಿ. ಅದೇ ರಾತ್ರಿಯದ್ದೇ ಆಗಿರಲಿ. ನಿನ್ನೆಯದಾದರೆ ಗೇನ್ (ಕತ್ತಲಲ್ಲಿ ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಪ್ರಮಾಣ), ಮಂಜು, ಎಲೆಯ ತೇವ ಬೇರೆಯಿದ್ದು ತೇಪೆ ಎದ್ದು ಕಾಣುತ್ತದೆ. ಅಂಚನ್ನು 8–10 ಪಿಕ್ಸೆಲ್‌ನಷ್ಟು ಕರಗಿಸಿ. ಖಾಲಿ ಫ್ರೇಮ್ ಸಿಗದಿದ್ದಾಗ ಬೂದು ಬಳಿಯಿರಿ, ಆದರೆ ಪ್ರಾಣಿಯೇ ಇಲ್ಲದ ಕೆಲವು ಚಿತ್ರಗಳಿಗೂ ಅಂಥದ್ದೇ ಚೌಕ ಬಳಿದು ಸೇರಿಸಿ.

"ಗೊತ್ತಿಲ್ಲ" ಕ್ಲಾಸ್ ಬೇಡ. ಆ ಕ್ಲಾಸ್‌ನಲ್ಲಿ ಸೇರುವವುಗಳಿಗೆ ಸಾಮಾನ್ಯವಾಗಿರುವುದು ಮಸುಕು ಮತ್ತು ಕತ್ತಲೆ. ಪ್ರಾಣಿಯ ರೂಪ ಅಲ್ಲ. ಮಾಡೆಲ್ ಮಸುಕನ್ನೇ ಒಂದು ಜಾತಿಯೆಂದು ಕಲಿಯುತ್ತದೆ. ಸ್ವಲ್ಪ ಮಸುಕಾದ ಹಂದಿ ಬಂದಾಗ ಸ್ಕೋರ್ "ಹಂದಿ" ಮತ್ತು "ಗೊತ್ತಿಲ್ಲ" ನಡುವೆ ಹಂಚಿಹೋಗಿ ಎರಡೂ ಥ್ರೆಶೋಲ್ಡ್ ಮುಟ್ಟುವುದಿಲ್ಲ.

ನಿಜವಾಗಿ ಕೆಲಸಕ್ಕೆ ಬರುವುದು ಎರಡು ಹಂತದ ಜೋಡಣೆ. ಮೊದಲ ಮಾಡೆಲ್‌ಗೆ ಪ್ರಾಣಿ, ಮನುಷ್ಯ ಎಂಬ ಎರಡೇ ಕ್ಲಾಸ್. ಅದು ಕೊಟ್ಟ ಬಾಕ್ಸನ್ನು ಕತ್ತರಿಸಿ ಎರಡನೇ ಮಾಡೆಲ್‌ಗೆ ಕೊಟ್ಟರೆ ಅದು ಜಾತಿ ಹೇಳುತ್ತದೆ. ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಗೆ ಬಳಕೆಯಲ್ಲಿರುವ ಮೆಗಾಡಿಟೆಕ್ಟರ್ ಇದೇ ದಾರಿಯದು: ಪ್ರಾಣಿ, ಮನುಷ್ಯ, ವಾಹನ, ಮೂರೇ ಕ್ಲಾಸ್. ಹೀಗೆ ಮಾಡಿದರೆ ನಿಮ್ಮ ಜಗಳದ ಚಿತ್ರಗಳಲ್ಲಿ ದೊಡ್ಡ ಪಾಲು ತಾನಾಗಿ ಬಗೆಹರಿಯುತ್ತದೆ. ಹಂದಿಯೋ ನಾಯಿಯೋ ಗೊತ್ತಾಗದ್ದು ಮೊದಲ ಹಂತದಲ್ಲಿ ನಿಸ್ಸಂಶಯವಾಗಿ "ಪ್ರಾಣಿ". ಎರಡನೇ ಹಂತದ ಟ್ರೇನಿಂಗ್‌ಗೆ ಅದನ್ನು ಕೊಡಲೇಬೇಡಿ. ಮುಚ್ಚುವ ಕೆಲಸ ಉಳಿಯುವುದು ಪ್ರಾಣಿಯೋ ಅಲ್ಲವೋ ಎಂಬಷ್ಟು ಅಸ್ಪಷ್ಟವಾದವಕ್ಕೆ ಮಾತ್ರ.

ವಿಡಿಯೊ ಬಗ್ಗೆ: ಪಕ್ಕದ ಫ್ರೇಮ್ ನೋಡಿ, ಖಂಡಿತ ನೋಡಿ, ಆದರೆ ಮುಚ್ಚಬೇಕೋ ಹಿನ್ನೆಲೆಯೋ ಎಂದು ತೀರ್ಮಾನಿಸಲು ಮಾತ್ರ. ಈ ಫ್ರೇಮ್‌ನ ಪಿಕ್ಸೆಲ್‌ನಲ್ಲಿ ಇಲ್ಲದ್ದನ್ನು ಲೇಬಲ್ ಆಗಿ ಬರೆಯಬೇಡಿ. ಮಾಡೆಲ್‌ಗೆ ಒಂದೇ ಫ್ರೇಮ್ ಸಿಗುವುದು. ಅದರಲ್ಲಿ ಸುಳಿವಿಲ್ಲದಿದ್ದರೆ ಅದು ಹಂದಿಯ ಬದಲು ಆ ಗಿಡವನ್ನು, ಆ ಮೂಲೆಯನ್ನು ಬಾಯಿಪಾಠ ಮಾಡುತ್ತದೆ.

ಇರುಳುಗಣ್ಣು:

ಚೌಕಟ್ಟು ಅವರು ಹೇಳಿದ್ದಕ್ಕೆ ರಾತ್ರಿ ಚಿತ್ರದ ಕೆಲವು ವಿಷಯ ಸೇರಿಸ್ತೀನಿ. ಅಸ್ಪಷ್ಟ ಅನ್ನೋದಕ್ಕೆ ಕಾರಣ ಗೊತ್ತಿದ್ರೆ ಏನು ಮಾಡಬೇಕು ಅನ್ನೋದು ಬೇಗ ಹೊಳೆಯುತ್ತೆ.

ಮೊದಲು ಕಣ್ಣು. ದನ, ಕಡವೆ, ನಾಯಿ, ಚಿರತೆ ಇವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಕಳಿಸೋ ಪದರ ಇರುತ್ತೆ, ಅದಕ್ಕೇ ಐಆರ್ ಬೆಳಕಿಗೆ ಬಲ್ಬ್ ಹಾಗೆ ಹೊಳೆಯುತ್ತೆ. ಹಂದಿಗೆ ಆ ಪದರ ಇಲ್ಲ, ಮನುಷ್ಯನಿಗೂ ಇಲ್ಲ. ಹಾಗಾಗಿ ಎರಡು ಪ್ರಖರ ಚುಕ್ಕೆ ಮಾತ್ರ ಕಾಣ್ತಿದ್ರೆ ಅದಕ್ಕೆ ಕಾಡುಹಂದಿ ಅಂತ ಹಾಕೋದು ಬಹುಮಟ್ಟಿಗೆ ತಪ್ಪೇ. ಮೈ ಏನೂ ಕಾಣದೆ ಕಣ್ಣು ಮಾತ್ರ ಇದ್ರೆ ಬಾಕ್ಸ್ ಹಾಕಬೇಡಿ, ಮುಚ್ಚಿ. ಕಣ್ಣಿನ ಸುತ್ತ ಪುಟ್ಟ ಬಾಕ್ಸ್ ಹಾಕ್ತಾ ಹೋದ್ರೆ ಮಾಡೆಲ್ ಕಲಿಯೋದು "ಬಿಳಿ ಚುಕ್ಕೆ ಅಂದ್ರೆ ಪ್ರಾಣಿ" ಅಂತ. ಆಮೇಲೆ ಎಲೆ ತುದಿಯ ನೀರಹನಿ, ಬೈಕಿನ ರಿಫ್ಲೆಕ್ಟರ್, ಮಳೆಗಾಲದ ಮುಂಚಿನ ಮಿಂಚುಹುಳ ಎಲ್ಲಕ್ಕೂ ಅಲಾರಂ. ಕಣ್ಣಿನ ಹಿಂದೆ ತಲೆಯದ್ದೋ ಕುತ್ತಿಗೆಯದ್ದೋ ರೇಖೆ ಮಂಕಾಗಿ ಕಾಣ್ತಿದ್ರೆ, ಕಾಣೋ ಅಷ್ಟು ಮೈಗೆ ಬಾಕ್ಸ್, ಕ್ಲಾಸ್ "ಪ್ರಾಣಿ".

ಎರಡನೇದು ಎಲೆ. ಹಸಿರೆಲೆ ಐಆರ್ ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತೆ. ಕ್ಯಾಮೆರಾ ಎದುರಿಗೆ ಎರಡಡಿ ದೂರದಲ್ಲಿ ಕಾಫಿ ರೆಕ್ಕೆಯೊಂದು (ಕೊಂಬೆ) ಚಾಚಿದ್ರೆ ಅದು ಸುಣ್ಣ ಬಳಿದ ಹಾಗೆ ಬೆಳ್ಳಗೆ ಉರಿಯುತ್ತೆ, ಕ್ಯಾಮೆರಾ ಎಕ್ಸ್‌ಪೋಷರ್ ಇಳಿಸುತ್ತೆ, ಹಿಂದೆ ನಿಂತ ಕಾಟಿ ಕಪ್ಪಿನಲ್ಲಿ ಮುಳುಗುತ್ತೆ. ಇದನ್ನ ಲೇಬಲ್‌ನಲ್ಲಿ ಸರಿ ಮಾಡಕ್ಕಾಗಲ್ಲ. ಕತ್ತಿ ತಗೊಂಡು ಆ ರೆಕ್ಕೆ ಸವರಿ. ಹಾಗೇ ಜೇಡ: ಕ್ಯಾಮೆರಾ ಮೇಲೆ ಬಲೆ ಕಟ್ಟುತ್ತೆ, ಲೆನ್ಸ್ ಮುಂದಿನ ಆ ಬಲೆ ಮಂಜಿನ ಪರದೆ ಹಾಗೆ ಕಾಣುತ್ತೆ. ಬೆಳಕಿನ ಮೂಲವನ್ನ ಕ್ಯಾಮೆರಾದಿಂದ ಒಂದೆರಡು ಮೀಟರ್ ದೂರದ ಬೇರೆ ಕಂಬಕ್ಕೆ ಹಾಕಿದ್ರೆ ಬಲೆ, ಮಳೆಹನಿ, ಮಂಜು ಮೂರರ ಕಾಟವೂ ಕಡಿಮೆ.

ಮೂರನೇದು ಓಟದ ಮಸುಕು. ರಾತ್ರಿ ಶಟರ್ 1/25 ಸೆಕೆಂಡ್‌ಗೆ ಇಳಿದಿದ್ರೆ, ಸೆಕೆಂಡಿಗೆ 5 ಮೀಟರ್ ಓಡೋ ಹಂದಿ ಒಂದು ಫ್ರೇಮ್‌ನಲ್ಲೇ 20 ಸೆಂಟಿಮೀಟರ್ ಜಾರುತ್ತೆ. ಮೈ ಮಧ್ಯಭಾಗ ಗಟ್ಟಿಯಾಗಿ, ಎರಡು ತುದಿ ಕರಗಿದ ಹಾಗೆ ಕಾಣುತ್ತೆ. ಬಾಕ್ಸ್ ಎಲ್ಲಿ ನಿಲ್ಲಿಸಬೇಕು ಅಂತ ಇಬ್ಬರೂ ಒಂದೇ ನಿಯಮ ಇಟ್ಕೊಳ್ಳಿ: ಕರಗಿದ ಅಂಚು ಹಿನ್ನೆಲೆಗೂ ಮೈಗೂ ನಡುವಿನ ಬಣ್ಣಕ್ಕೆ ಬಂದಲ್ಲಿ ಗೆರೆ. ಬಾಲದ ಕಡೆಯ ಕೊನೇ ಎಳೆ ತನಕ ಎಳೀಬೇಡಿ. ಮಸುಕಾದ ಪ್ರಾಣಿಗೆ ಬಾಕ್ಸ್ ಹಾಕೋದು ಒಳ್ಳೇದೇ, ಅಲಾರಂ ಬೇಕಾಗಿರೋದೇ ಓಡಿ ಬರೋ ಹೊತ್ತಿಗೆ.

ಇನ್ನು ಹಂದಿ–ನಾಯಿ ಜಗಳ. ಬಣ್ಣ ಇಲ್ಲದ ಚಿತ್ರದಲ್ಲಿ ಮೈಯ ಹೊರಗೆರೆ ಬಿಟ್ರೆ ಬೇರೆ ಆಧಾರ ಇಲ್ಲ. ಹಂದಿಯ ಭುಜ ಎತ್ತರ, ಬೆನ್ನು ಹಿಂದಕ್ಕೆ ಇಳಿಜಾರು. ತಲೆಗೂ ಮೈಗೂ ನಡುವೆ ಕುತ್ತಿಗೆ ಅನ್ನೋದೇ ಕಾಣಲ್ಲ, ಬೆಣೆಯ ಹಾಗೆ ಒಂದೇ ಏಟಿಗೆ ಮೂತಿ ತನಕ ಇಳಿಯುತ್ತೆ. ಹೊಟ್ಟೆಯ ಗೆರೆ ನೇರ. ನಾಯಿಗೆ ಕುತ್ತಿಗೆ ಬೇರೆಯಾಗಿ ಕಾಣುತ್ತೆ, ಹೊಟ್ಟೆ ಹಿಂಗಾಲಿನ ಕಡೆ ಒಳಕ್ಕೆ ಎಳ್ಕೊಂಡಿರುತ್ತೆ, ಊರುನಾಯಿ ಆದ್ರೆ ಬಾಲ ಮೇಲೆ. ಎಮ್ಮೆ ಮತ್ತು ಕಾಟಿಗೆ ಕಾಲು ನೋಡಿ: ಕಾಟಿಗೆ ಮೊಣಕಾಲಿಂದ ಕೆಳಗೆ ಬಿಳಿ, ಐಆರ್‌ನಲ್ಲೂ ಕಾಲುಚೀಲ ಹಾಕಿದ ಹಾಗೆ ಎದ್ದು ಕಾಣುತ್ತೆ, ಜೊತೆಗೆ ಬೆನ್ನಿನ ದಿಣ್ಣೆ. ಈ ಗುರುತುಗಳಲ್ಲಿ ಎರಡಾದರೂ ಕಂಡರೆ ಜಾತಿ ಬರೀಬಹುದು, ಒಂದೇ ಆದ್ರೆ "ಪ್ರಾಣಿ"ಗೆ ನಿಲ್ಲಿಸಿ.

ಅಳತೆಗೋಲು:

ದೂರದ ಮಚ್ಚೆ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಲೆಕ್ಕವೇ ಉತ್ತರ.

80 ಡಿಗ್ರಿ ನೋಟದ ಕ್ಯಾಮೆರಾಕ್ಕೆ 20 ಮೀಟರ್ ದೂರದಲ್ಲಿ ಸುಮಾರು 33.5 ಮೀಟರ್ ಅಗಲ ಕಾಣುತ್ತದೆ. 2560 ಪಿಕ್ಸೆಲ್ ಅಷ್ಟಕ್ಕೆ ಹರಡಿದರೆ ಮೀಟರಿಗೆ 76. ಪಕ್ಕಕ್ಕೆ ತಿರುಗಿ ನಿಂತ 1.2 ಮೀಟರ್ ಉದ್ದದ ಹಂದಿ 91 ಪಿಕ್ಸೆಲ್. ಲೇಬಲ್ ಮಾಡುವವರು ಮಾನಿಟರಿನಲ್ಲಿ ನೋಡುವುದು ಈ 91ನ್ನು. ಮಾಡೆಲ್ ನೋಡುವುದು 640ಕ್ಕೆ ಇಳಿಸಿದ ಮೇಲೆ, ಅಂದರೆ ಕಾಲುಭಾಗ, 23. ಅದೇ ಹಂದಿ 40 ಮೀಟರ್‌ಗೆ ಹೋದರೆ ನಿಮ್ಮ ಕಣ್ಣಿಗೆ 46, ಮಾಡೆಲ್‌ಗೆ 11. ಯೋಲೊ ಚಿತ್ರವನ್ನು ಚೌಕದ ಮನೆಗಳಾಗಿ ಹಂಚಿ ನೋಡುತ್ತದೆ; ಅತಿ ಸಣ್ಣ ಮನೆಯ ಬದಿ (ಸ್ಟ್ರೈಡ್) 8 ಪಿಕ್ಸೆಲ್, ಆದ್ದರಿಂದ 11 ಪಿಕ್ಸೆಲ್ ಎಂದರೆ ಒಂದೂವರೆ ಮನೆಯೂ ಇಲ್ಲ. ಮನುಷ್ಯ ಜೂಮ್ ಮಾಡಿ ಗುರುತಿಸಿದ್ದು ಮಾಡೆಲ್‌ಗೆ ಇಲ್ಲವೇ ಇಲ್ಲ.

ಬಾಕ್ಸ್ ನಿಖರತೆಗೂ ಇದೇ ಪೆಟ್ಟು. 100×100ರ ಬಾಕ್ಸ್ ಅಡ್ಡಕ್ಕೂ ಉದ್ದಕ್ಕೂ ಒಂದೊಂದು ಪಿಕ್ಸೆಲ್ ಸರಿದರೆ ಐಒಯು (ಎರಡು ಬಾಕ್ಸ್ ಎಷ್ಟು ಹೊಂದುತ್ತವೆ ಎಂಬ 0ಯಿಂದ 1ರವರೆಗಿನ ಅಳತೆ) 0.96. ಅದೇ 10×10ರದ್ದು ಒಂದು ಪಿಕ್ಸೆಲ್ ಸರಿದರೆ 0.68, ಎರಡು ಸರಿದರೆ 0.47. ಅಂದರೆ ಕೈ ಸ್ವಲ್ಪ ಅಲುಗಿದರೂ ಸರಿಯಾದ ಪತ್ತೆಯೇ 0.5ರ ಪರೀಕ್ಷೆಯಲ್ಲಿ ತಪ್ಪು ಎಂದು ಎಣಿಕೆಯಾಗುತ್ತದೆ.

ಆದ್ದರಿಂದ ಕಣ್ಣಂದಾಜು ಬೇಡ, ಕನಿಷ್ಠ ಗಾತ್ರ ಗೊತ್ತುಮಾಡಿ. ಇನ್‌ಪುಟ್ 640 ಇರುವಾಗ, ಇಳಿಸಿದ ಚಿತ್ರದಲ್ಲಿ ಸಣ್ಣ ಬದಿ 10–12 ಪಿಕ್ಸೆಲ್‌ಗಿಂತ ಕಡಿಮೆಯಾದದ್ದನ್ನು ಮುಚ್ಚಿ. ನಿಮ್ಮ ಮೂಲ ಚಿತ್ರದಲ್ಲಿ ಅದು 40–48. ಆ ದೂರದ ಪ್ರಾಣಿ ಸಿಗಲೇಬೇಕು ಅಂದರೆ ಇನ್‌ಪುಟ್ 1280 ಮಾಡಿ (ಮೆಗಾಡಿಟೆಕ್ಟರ್‌ನ 5ನೇ ಆವೃತ್ತಿಯದೂ ಅಷ್ಟೇ), ಇಲ್ಲವೇ ಚಿತ್ರವನ್ನು ತುಂಡು ಮಾಡಿ ಓಡಿಸಿ. ಲೇಬಲ್ ಫೈಲ್‌ನಲ್ಲಿ ಮಾತ್ರ ಹಂದಿ ಇದ್ದು ಪಿಕ್ಸೆಲ್‌ನಲ್ಲಿ ಇಲ್ಲದಿದ್ದರೆ ಏನೂ ಗಿಟ್ಟುವುದಿಲ್ಲ.

ಒಂದು ಎಚ್ಚರ: ಕ್ಯಾಮೆರಾದ ಸಬ್‌ಸ್ಟ್ರೀಮ್ (ಕಡಿಮೆ ಗುಣಮಟ್ಟದ ಎರಡನೇ ವಿಡಿಯೊ) ಮೇಲೆ ಮಾಡೆಲ್ ಓಡಿಸುವ ಯೋಚನೆಯಿದ್ದರೆ ಲೇಬಲ್ ಚಿತ್ರವನ್ನೂ ಆ ಸ್ಟ್ರೀಮ್‌ನಿಂದಲೇ ತೆಗೆಯಿರಿ. ಕಡಿಮೆ ಬಿಟ್‌ರೇಟ್‌ನಲ್ಲಿ ಎಚ್.265 (ವಿಡಿಯೊ ಕುಗ್ಗಿಸುವ ವಿಧಾನ) ಮೊದಲು ಕೊಲ್ಲುವುದು ಕತ್ತಲೆಯ ಜಾಗದ ವಿವರವನ್ನೇ. ಮುಖ್ಯ ಸ್ಟ್ರೀಮ್‌ನಲ್ಲಿ ಕಂಡ ಬೆನ್ನಿನ ಗೆರೆ ಸಬ್‌ಸ್ಟ್ರೀಮ್‌ನಲ್ಲಿ ಒಂದು ಕಪ್ಪು ಚೌಕವಾಗಿರುತ್ತದೆ.

ವಿಡಿಯೊ ವಿಷಯದಲ್ಲಿ ಚೌಕಟ್ಟು ಅವರ ಮಾತನ್ನು ಪೂರ್ತಿ ಒಪ್ಪಲಾರೆ. ಎರಡು ಹಂತದ ಜೋಡಣೆಯಲ್ಲಿ ಮೊದಲ ಹಂತಕ್ಕೆ ಬೇಕಾದ್ದು "ಏನೋ ಇದೆ" ಎಂಬುದಷ್ಟೇ. ಮಂಕಾದ ಆಕಾರವೊಂದು ಫ್ರೇಮ್‌ನಲ್ಲಿ ಇದೆ, ಆದರೆ ಅದು ಕಲ್ಲೋ ಪ್ರಾಣಿಯೋ ಎಂದು ಹೇಳಲು ಮಾತ್ರ ವಿಡಿಯೊ ಬೇಕಾಯಿತು ಎಂದಿಟ್ಟುಕೊಳ್ಳಿ. ಅಂಥದ್ದನ್ನು ಮುಚ್ಚಿದರೆ ಕಷ್ಟದ, ಆದರೆ ಕಲಿಯಲು ಸಾಧ್ಯವಿರುವ ಉದಾಹರಣೆಗಳನ್ನೆಲ್ಲ ಎಸೆದಂತೆ. ಆಮೇಲೆ ಮಾಡೆಲ್ ಸುಲಭದ್ದಷ್ಟನ್ನೇ ಹಿಡಿಯುತ್ತದೆ. ವಿಡಿಯೊದಿಂದ ಸತ್ಯ ತಿಳಿದುಕೊಂಡು ಬಾಕ್ಸ್ ಹಾಕುವುದರಲ್ಲಿ ತಪ್ಪಿಲ್ಲ, ಆದರೆ ಒಂದು ಷರತ್ತು. ಆ ಫ್ರೇಮನ್ನು 640ಕ್ಕೆ ಇಳಿಸಿ, ವಿಡಿಯೊ ನೋಡದ ಇನ್ನೊಬ್ಬರಿಗೆ ಹತ್ತು ಸೆಕೆಂಡ್ ತೋರಿಸಿ, "ಇಲ್ಲಿ ಅನುಮಾನ ಬರುವ ಜಾಗ ಯಾವುದು" ಎಂದು ಕೇಳಿ. ಅವರು ಆ ಜಾಗಕ್ಕೆ ಬೆರಳಿಟ್ಟರೆ ಬಾಕ್ಸ್. ಇಡದಿದ್ದರೆ ಮುಚ್ಚಿ.

ಚೌಕಟ್ಟು:

ಆ ಷರತ್ತಿನೊಂದಿಗೆ ಒಪ್ಪುತ್ತೇನೆ, ಮೊದಲ ಹಂತಕ್ಕೆ ಮಾತ್ರ. ಜಾತಿ ಹೇಳುವ ಎರಡನೇ ಹಂತಕ್ಕೆ ಕೂಡದು. ಮತ್ತೆ ವ್ಯಾಲಿಡೇಶನ್ ಸೆಟ್‌ನಲ್ಲಿ (ಮಾಡೆಲನ್ನು ಪರೀಕ್ಷಿಸಲು ಬೇರೆ ಇಟ್ಟ ಚಿತ್ರಗಳಲ್ಲಿ) ಇಂಥ ಬಾಕ್ಸ್‌ಗಳಿಗೆ ಪ್ರತ್ಯೇಕ ಗುರುತಿರಲಿ, ಸ್ಪಷ್ಟವಾದವುಗಳ ಅಂಕ ಬೇರೆ, ಕಷ್ಟದವುಗಳ ಅಂಕ ಬೇರೆ ಬರಲಿ. ಎರಡನ್ನೂ ಕಲಸಿ ಒಂದೇ ಎಂಎಪಿ (ಒಟ್ಟಾರೆ ಅಂಕ) ನೋಡಿದರೆ ಮಾಡೆಲ್ ಎಲ್ಲಿ ಸೋಲುತ್ತಿದೆ ಎಂದು ತಿಳಿಯುವುದಿಲ್ಲ. ವ್ಯಾಲಿಡೇಶನ್‌ನಲ್ಲಿ ಚಿತ್ರ ಅಳಿಸುವ ಅಗತ್ಯವೂ ಇಲ್ಲ: ಪೈಕೊಕೊಟೂಲ್ಸ್ ಎಂಬ ಅಂಕ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಅಂಕ ಹಾಕಿ, "ಮುಚ್ಚು" ಬಾಕ್ಸ್‌ಗಳಿಗೆ ಈಸ್‌ಕ್ರೌಡ್ 1 ಕೊಡಿ. ಅಲ್ಲಿ ಪತ್ತೆಯಾದದ್ದು ಲಾಭಕ್ಕೂ ಇಲ್ಲ, ನಷ್ಟಕ್ಕೂ ಇಲ್ಲ. ಪ್ರತಿ ಕ್ಲಾಸ್‌ಗೂ ಆ ಬಾಕ್ಸನ್ನು ಒಮ್ಮೊಮ್ಮೆ ಬರೆಯಬೇಕು, ಏಕೆಂದರೆ ಅದು ಕ್ಲಾಸ್‌ವಾರು ಲೆಕ್ಕ ಹಾಕುತ್ತದೆ.

ಟ್ರೇನಿಂಗ್, ವ್ಯಾಲಿಡೇಶನ್ ಬೇರ್ಪಡಿಸುವಾಗ ಫ್ರೇಮ್‌ಗಳನ್ನು ಕಲಸಿ ಹಂಚಬೇಡಿ. ಒಂದು ರಾತ್ರಿಯ ಒಂದು ಭೇಟಿಯ ಫ್ರೇಮ್‌ಗಳೆಲ್ಲ ಒಂದೇ ಕಡೆ ಇರಲಿ, ಸಾಧ್ಯವಾದರೆ ಒಂದು ಕ್ಯಾಮೆರಾವನ್ನೇ ಪೂರ್ತಿ ವ್ಯಾಲಿಡೇಶನ್‌ಗೆ ಮೀಸಲಿಡಿ. ಇಲ್ಲದಿದ್ದರೆ ಅರ್ಧ ಸೆಕೆಂಡ್ ಅಂತರದ ಎರಡು ಅವಳಿ ಚಿತ್ರ ಆಚೆಗೊಂದು ಈಚೆಗೊಂದು ಬಿದ್ದು, ಮಸುಕು ಹಂದಿಯನ್ನೂ ಮಾಡೆಲ್ ಚೆನ್ನಾಗಿ ಹಿಡಿಯುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ.

ತೋಟದಂಚು:

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಹಂತಕ್ಕೆ ಬದಲಾಯಿಸುವುದು ಖಚಿತವಾಯಿತು. ಇನ್ನು ಮೂರು ಸಣ್ಣ ಅನುಮಾನ. ಗಿಡದ ಮರೆಯಲ್ಲಿ ತಲೆ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ ಕಾಣುತ್ತಿದ್ದರೆ ಒಂದು ಬಾಕ್ಸೋ ಎರಡೋ? ಹಂದಿ ಹಿಂಡಿಗೆ ಏನು ಮಾಡುವುದು? ಸಿವ್ಯಾಟ್‌ನಲ್ಲಿ ಬ್ರೈಟ್‌ನೆಸ್ ಏರಿಸಿ ನೋಡಿ ಲೇಬಲ್ ಮಾಡಬಹುದೇ? ಇಬ್ಬರಲ್ಲಿ ಒಬ್ಬರು ಏರಿಸುತ್ತಾರೆ, ಒಬ್ಬರು ಏರಿಸುವುದಿಲ್ಲ. ಆನೆಯದ್ದು ಇನ್ನೂ ಒಂದಿದೆ: ಸಿಲ್ವರ್ ಓಕ್ ಮರಗಳ ನಡುವೆ ಕಾಲು ಮಾತ್ರ ಕಾಣುವ ಚಿತ್ರಗಳು ಬಹಳ ಇವೆ.

ಅಳತೆಗೋಲು:

ಒಂದು ಪ್ರಾಣಿಗೆ ಒಂದೇ ಬಾಕ್ಸ್. ತಲೆಯಿಂದ ಹಿಂಭಾಗದವರೆಗೆ, ನಡುವೆ ಗಿಡ ಇದ್ದರೂ ಸರಿ. ಕಾಣುವ ಭಾಗಗಳ ಹೊರತುದಿಗೆ ಗೆರೆ ನಿಲ್ಲಬೇಕು. ಕಾಣದ ಕಾಲು ಇಲ್ಲಿರಬಹುದು ಎಂದು ಊಹಿಸಿ ನೆಲದವರೆಗೆ ಎಳೆಯಬಾರದು. ಊಹೆಯ ಬಾಕ್ಸ್ ಒಬ್ಬೊಬ್ಬರದು ಒಂದೊಂದು ಅಳತೆ, ಕಾಣುವ ಅಂಚು ಇಬ್ಬರಿಗೂ ಒಂದೇ.

ಹಿಂಡಿನಲ್ಲಿ ಮೂರನೇ ಒಂದು ಭಾಗವಾದರೂ ಬೇರೆಯಾಗಿ ಕಾಣುವ ಪ್ರತಿ ಹಂದಿಗೂ ಸ್ವಂತ ಬಾಕ್ಸ್. ತಾಯಿಯ ಹೊಟ್ಟೆಗೆ ಅಂಟಿ ನಿಂತ ಮರಿಯ ಕಿವಿ ಮಾತ್ರ ಇಣುಕುತ್ತಿದ್ದರೆ, ಮತ್ತು ಅದು ತಾಯಿಯ ಬಾಕ್ಸ್ ಒಳಗೇ ಇದ್ದರೆ, ಬಿಟ್ಟುಬಿಡಿ, ಆ ಜಾಗ ಹೇಗೂ ಹಿನ್ನೆಲೆಯಾಗಿ ಎಣಿಕೆಯಾಗುವುದು ಕಡಿಮೆ. ಬಾಕ್ಸ್‌ನಿಂದ ಹೊರಗೆ ಚಾಚಿದ ಬಿಡಿಸಲಾಗದ ಮುದ್ದೆಯನ್ನು ಮಾತ್ರ ಮುಚ್ಚಿ, ಪಕ್ಕದ ಸ್ಪಷ್ಟ ಹಂದಿಯ ಮೈ ತುಂಡಾಗದಂತೆ. ಇಡೀ ಹಿಂಡಿಗೆ ಒಂದು ದೊಡ್ಡ ಬಾಕ್ಸ್ ಹಾಕಿ ಒಳಗೆ ಬಿಡಿ ಬಾಕ್ಸ್ ಹಾಕುವುದು ಬೇಡ. ಒಂದರ ಮೇಲೊಂದು ಐಒಯು 0.7 ದಾಟಿದ ಬಾಕ್ಸ್‌ಗಳಲ್ಲಿ ಒಂದನ್ನು ಎನ್‌ಎಂಎಸ್ (ಒಂದೇ ವಸ್ತುವಿಗೆ ಬಂದ ಹೆಚ್ಚುವರಿ ಬಾಕ್ಸ್ ತೆಗೆಯುವ ಹಂತ) ಸಾಮಾನ್ಯವಾಗಿ ಉಡಾಯಿಸುತ್ತದೆ, ಆದ್ದರಿಂದ ಅಷ್ಟು ಅಂಟಿಕೊಂಡ ಎರಡನೇ ಹಂದಿಗಾಗಿ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ನಿಮಗೆ ಬೇಕಾದ್ದು ಅಲಾರಂ, ಎಣಿಕೆ ಅಲ್ಲ.

ಬ್ರೈಟ್‌ನೆಸ್: ಅಂಚು ಎಳೆಯಲು ಏರಿಸಿ, ಇದೆಯೋ ಇಲ್ಲವೋ ಎಂದು ತೀರ್ಮಾನಿಸುವಾಗ ಮೂಲಕ್ಕೆ ತನ್ನಿ. ಕಪ್ಪಿನಲ್ಲಿ ಅಡಗಿದ ನಾಲ್ಕೈದು ಮಟ್ಟದ ವ್ಯತ್ಯಾಸವನ್ನು ಮಾಡೆಲ್ ಓದಬಲ್ಲದು ನಿಜ, ಆದರೆ ಆ ಕಪ್ಪಿನಲ್ಲಿ ಅಷ್ಟೇ ಗಾತ್ರದ ಗೇನ್ ನಾಯ್ಸ್ ಕೂಡ ಇದೆ. ಮುಖ್ಯವಾಗಿ ಇಬ್ಬರೂ ಒಂದೇ ರೀತಿ ಮಾಡಬೇಕು. ಮಾನಿಟರ್ ಬೆಳಕು, ಕೋಣೆಯ ಬೆಳಕು ಕೂಡ. ಕಿಟಕಿ ಎದುರು ಕೂತು ಹಗಲಲ್ಲಿ ಲೇಬಲ್ ಮಾಡುವವರಿಗೆ ರಾತ್ರಿ ಚಿತ್ರದ ಅರ್ಧ ಪ್ರಾಣಿ ಕಾಣುವುದೇ ಇಲ್ಲ.

ಇಬ್ಬರನ್ನು ಒಂದು ದಾರಿಗೆ ತರಲು: ರಾತ್ರಿಯ 150 ಚಿತ್ರ ಆರಿಸಿ, ಒಬ್ಬರದ್ದನ್ನು ಒಬ್ಬರು ನೋಡದೆ ಇಬ್ಬರೂ ಲೇಬಲ್ ಮಾಡಲಿ. ಐಒಯು 0.5ರಲ್ಲಿ ಜೋಡಿ ಹೊಂದಿಸಿ, ಜೋಡಿಯಾಗದವನ್ನೂ ಕ್ಲಾಸ್ ಬೇರೆಯಾದವನ್ನೂ ಪಕ್ಕಕ್ಕೆ ತೆಗೆಯಿರಿ. ಪ್ರತಿಯೊಂದಕ್ಕೂ ಕೂತು ತೀರ್ಪು ಕೊಟ್ಟು, ಆ ಚಿತ್ರವನ್ನೇ ಕತ್ತರಿಸಿ ನಿಯಮಪುಸ್ತಕಕ್ಕೆ ಅಂಟಿಸಿ, ಕೆಳಗೆ ಒಂದು ಸಾಲು ಕಾರಣ ಬರೆಯಿರಿ. ಮಾತಿನ ನಿಯಮಕ್ಕಿಂತ ಚಿತ್ರದ ನಿಯಮ ನಿಲ್ಲುತ್ತದೆ. ಎರಡು ವಾರ ಬಿಟ್ಟು ಅದೇ 150ರಲ್ಲಿ ಐವತ್ತನ್ನು ಗುಟ್ಟಾಗಿ ಮತ್ತೆ ಸಾಲಿಗೆ ಸೇರಿಸಿ. ಒಬ್ಬರೇ ತಮ್ಮ ಹಿಂದಿನ ಲೇಬಲ್‌ಗೆ ಎಷ್ಟು ಹೊಂದುತ್ತಾರೆ ಎಂದು ಗೊತ್ತಾಗುತ್ತದೆ. ತಮಗೇ ತಾವು ಹೊಂದದ ಜಾಗದಲ್ಲಿ ನಿಯಮ ಇನ್ನೂ ಸಡಿಲವಿದೆ ಎಂದರ್ಥ.

ಇರುಳುಗಣ್ಣು:

ಆನೆ ಕಾಲಿನ ವಿಷಯ. ಸಿಲ್ವರ್ ಓಕ್ ಬುಡಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ರೆ ಅದು ದಪ್ಪಗೆ ಕಾಣುತ್ತೆ, ಆದ್ರೆ ಬಳ್ಳಿಯ ಎಲೆ ಐಆರ್‌ಗೆ ಬೆಳ್ಳಗೆ ಹೊಳೆಯುತ್ತೆ, ಆನೆ ಚರ್ಮ ಹಾಗಲ್ಲ, ಮಂಕು ಬೂದಿ. ಬಳ್ಳಿ ಇಲ್ಲದ ಬೋಳು ಬುಡವೇ ನಿಜವಾದ ತೊಂದರೆ, ಬಣ್ಣ ಹೆಚ್ಚುಕಡಿಮೆ ಒಂದೇ. ನೋಡಬೇಕಾದ್ದು ಮೇಲ್ತುದಿ ಮತ್ತು ಬುಡ. ಮರದ ಕಾಂಡ ಫ್ರೇಮ್‌ನ ಮೇಲಂಚಿನ ತನಕ ಒಂದೇ ಸಮ ಏರುತ್ತೆ. ಆನೆ ಕಾಲು ಮೇಲೆ ಹೋಗ್ತಾ ಅಗಲವಾಗಿ ಹೊಟ್ಟೆಯ ನೆರಳಿನಲ್ಲಿ ಸೇರುತ್ತೆ. ಬುಡದಲ್ಲಿ ಮರ ಬೇರಿಗೆ ಹರಡುತ್ತೆ ಇಲ್ಲಾ ತರಗಿನಲ್ಲಿ ಮುಳುಗುತ್ತೆ. ಆನೆ ಪಾದ ದುಂಡಗೆ ಕತ್ತರಿಸಿದ ಹಾಗೆ ನಿಂತು, ಹತ್ತಿರ ಇದ್ರೆ ಉಗುರಿನ ತಿಳಿ ಚಂದ್ರಾಕಾರ ಸಾಲಾಗಿ ಕಾಣುತ್ತೆ.

ಅದೇ ಕ್ಯಾಮೆರಾದ ಖಾಲಿ ಫ್ರೇಮ್ ಪಕ್ಕ ಇಟ್ಟು ನೋಡಿದ್ರೆ ಯಾವ ಕಂಬ ಹೊಸದು ಅಂತ ತಕ್ಷಣ ಗೊತ್ತಾಗುತ್ತೆ. ಆದ್ರೆ ಮಾಡೆಲ್ ಕೈಗೆ ಆ ಖಾಲಿ ಫ್ರೇಮ್ ಇರಲ್ಲ. ಅದಕ್ಕೇ ನಿಯಮ ಹೀಗಿಡಿ: ಹೊಟ್ಟೆಯ ಗೆರೆ, ಕಿವಿ, ಸೊಂಡಿಲು, ದಂತ ಇದರಲ್ಲಿ ಒಂದಾದರೂ ಕಾಣ್ತಿದ್ರೆ ಬಾಕ್ಸ್, ಆನೆ. ಕಾಲು ಮಾತ್ರ ಇದ್ರೆ ಮುಚ್ಚಿ, ಬರೀ ಕಾಲಿಗೆ ಆನೆ ಅಂತ ಕಲಿಸಿದ್ರೆ ಮೊದಲ ವಾರವೇ ಮಾಡೆಲ್ ತೋಟದ ಓಕ್ ಸಾಲನ್ನೆಲ್ಲ ಹಿಂಡು ಅಂತ ಹೇಳುತ್ತೆ. ಜೊತೆಗೆ ಓಕ್ ಬುಡಗಳೇ ತುಂಬಿರೋ ಖಾಲಿ ರಾತ್ರಿ ಚಿತ್ರಗಳನ್ನ ಹಿನ್ನೆಲೆಯಾಗಿ ಸೇರಿಸಿ, ಲೇಬಲ್ ಫೈಲ್ ಖಾಲಿ ಇರಲಿ. ಒಟ್ಟು ಸೆಟ್‌ನ ಹತ್ತನೇ ಒಂದು ಭಾಗ ಸಾಕು. ಅದರಲ್ಲಿ ಆರೂ ಕ್ಯಾಮೆರಾ, ಮಳೆ ರಾತ್ರಿ, ಮಂಜು ರಾತ್ರಿ, ಜೇಡರ ಬಲೆ ಎಲ್ಲ ಸ್ವಲ್ಪ ಸ್ವಲ್ಪ ಬರೋ ಹಾಗೆ ಆರಿಸಿ.

ಕಾಲು ಮಾತ್ರ ಕಂಡ ಫ್ರೇಮ್ ತಪ್ಪಿಹೋದ್ರೆ ಅಲಾರಂ ತಪ್ಪುತ್ತೆ ಅನ್ನೋ ಭಯ ಬೇಡ. ಆನೆ ಮರಗಳ ನಡುವೆ ದಾಟೋಕೆ ಕೆಲವು ಸೆಕೆಂಡ್ ತಗೊಳ್ಳುತ್ತೆ. ಸೆಕೆಂಡಿಗೆ 5 ಫ್ರೇಮ್ ನೋಡ್ತಾ, ಯಾವುದೇ ಐದರಲ್ಲಿ ಮೂರರಲ್ಲಿ ಸಿಕ್ಕರೆ ಅಲಾರಂ ಅಂತ ಇಟ್ಟರೆ, ಕಿವಿಯೋ ಹೊಟ್ಟೆಯೋ ಮರದಿಂದ ಆಚೆ ಬಂದ ಕೂಡಲೇ ಹೊಡೆಯುತ್ತೆ.